ಬೇಡಿಕೆ ಪಟ್ಟಿಯಲ್ಲಿ ಮಗಳು

ಜೂನ್ 3

ಕತ್ತರಿಗೆ,

ನಿನ್ನ ಕೋರ್ಟಿನ ನೋಟೀಸು ಬಂದು ಮುಟ್ಟಿತು. ಮನೆಗಲ್ಲ, ಕಾರ್ಖಾನೆಗೆ. ಮನೆಯ ವಿಳಾಸ ಮರೆತುಹೋಯಿತೇ? ಮದುವೆಯಾದಾಗಿನಿಂದ ನೀನು ಚಪ್ಪಲಿ ಬಿಡುತ್ತಿದ್ದುದು ಆ ಬಾಗಿಲಲ್ಲೇ ಅಲ್ಲವೇ?

ಕಾಲರ್ ಹೊಲಿಯುತ್ತಾ ಕೂತಿದ್ದೆ. ಕೋರ್ಟಿನ ಜವಾನನನ್ನು ಸೂಪರ್‌ವೈಸರೇ ಬೀಗರನ್ನು ಕರೆತರುವ ಹಾಗೆ ಕರೆತಂದ. ನಾನು ಸಹಿ ಹಾಕುವ ಮೊದಲೇ ಇಣುಕಿ ಓದಿಕೊಂಡ. "ಏನಮ್ಮಾ ಮೈಕು, ಊರವರ ಸಂಸಾರದ ನ್ಯಾಯ ಎಲ್ಲಾ ನೀನೇ ಹೇಳ್ತಿದ್ದೆ. ಈಗ ನಿಂದೇ ಕೋರ್ಟು ಹತ್ತಿತಾ?" ಅಂದ. ಇಡೀ ಲೈನಿನ ಮಿಷನ್ನುಗಳು ನಿಂತವು. ಗುಂಡಿ ಹಚ್ಚುವ ಅಜ್ಜಿ ಮಾತ್ರ ತಲೆ ಎತ್ತದೆ, "ನಿನ್ನ ಹೆಂಡ್ತಿ ಇನ್ನೂ ಕೋರ್ಟಿಗೆ ಹೋಗಿಲ್ವಲ್ಲ, ಅದು ಆಶ್ಚರ್ಯ" ಅಂದಳು. ಲೈನೆಲ್ಲ ನಕ್ಕಿತು, ಆ ನಗುವಿನ ಮರೆಯಲ್ಲಿ ಸಹಿ ಹಾಕಿದೆ.

ನಾವು ಬೇರೆಯಾಗಿದ್ದು ಇಬ್ಬರೂ ಒಪ್ಪಿಯೇ. ಮುಷ್ಕರ ಸೋತು ನಿನ್ನನ್ನು ಕೆಲಸದಿಂದ ತೆಗೆದ ಮೇಲೆ ಸೋತ ಗೇಟಿನ ಮುಂದೆ ಬದುಕುವುದು ನಿನಗೆ ಬೇಡವಾಯಿತು. ಗೇಟು ಬಿಟ್ಟುಹೋಗುವುದು ನನಗೆ ಬೇಡವಾಗಿತ್ತು. ನೀನು ಬಂದರಿಗೆ ಹೋಗಿ ಕ್ರೇನು ಹತ್ತಿದೆ. ಅದಕ್ಕೆ ನಾನು ಜಗಳ ಆಡಿದೆ, ಅತ್ತೆ, ಸುಮ್ಮನಾದೆ. ಆದರೆ ಇದೇನು? ಕಿಡಿ ಪೂರ್ತಿ ನಿನಗೇ ಬೇಕಂತೆ. ಎಂಟು ವರ್ಷದ ಮಗಳ ಸಂಪೂರ್ಣ ಸುಪರ್ದಿ. ಯಾಕೆ? "ತಾಯಿಯು ಸಂಘದ ನೆಪದಲ್ಲಿ ಹೊತ್ತುಗೊತ್ತಿಲ್ಲದೆ ಹೊರಗಿರುತ್ತಾಳೆ, ಮಗು ನೆರೆಯವರ ಕೃಪೆಯಲ್ಲಿ ಬೆಳೆಯುತ್ತಿದೆ."

ಈ ಸಾಲು ನನಗೆ ಹೊಸದಲ್ಲ. ಮ್ಯಾನೇಜ್‌ಮೆಂಟ್ ಕೊಟ್ಟ ಮೆಮೋದಲ್ಲೂ ಇದೇ ಇತ್ತು, "ಸಂಘದ ನೆಪದಲ್ಲಿ." ಅವರು ಹೆಂಗಸಿನ ಬಾಯಿ ಮುಚ್ಚಿಸಲು ಬಳಸುವ ಬಟ್ಟೆಯನ್ನೇ ನೀನೂ ತಂದು ತುರುಕಿದ್ದೀಯ. ಗೇಟಿನ ಮುಂದೆ ಮೈಕು ಕೆಟ್ಟ ದಿನ ಬರೀ ಗಂಟಲಿನಲ್ಲಿ ರಸ್ತೆಯಾಚೆಗೂ ಕೇಳಿಸಿದೆನೆಂದು ನನಗೆ ಆ ಹೆಸರಿಟ್ಟವನು ನೀನು. ಮಗುವನ್ನು ಹೆಗಲ ಮೇಲೆ ಕೂರಿಸಿಕೊಂಡು, "ನೀನು ಮಾತಾಡು, ಇವಳನ್ನ ನಾನು ನೋಡ್ಕೋತೀನಿ" ಅಂದವನು ನೀನು.

ಫೋನ್ ಮಾಡಬೇಡ. ಫೋನಿನಲ್ಲಿ ನಾವಿಬ್ಬರೂ ಗೇಟ್ ಸಭೆ ಮಾಡುತ್ತೇವೆ, ಕಿಡಿ ಬಾಗಿಲ ಹಿಂದೆ ನಿಂತು ಕೇಳಿಸಿಕೊಳ್ಳುತ್ತಾಳೆ. ಹೇಳುವುದಿದ್ದರೆ ಬರೆ.

ಮೈಕು


ಜೂನ್ 15

ಮೈಕು,

ಕಾರ್ಖಾನೆಯ ವಿಳಾಸ ಕೊಟ್ಟವನು ವಕೀಲ. ಹಗಲು ಹೊತ್ತು ನೀನು ಸಿಗುವುದು ಅಲ್ಲೇ ಅಂದೆ, ಅಷ್ಟೇ. ಆ ಸೂಪರ್‌ವೈಸರ್ ವಿಷಯ ಓದಿ ಹಲ್ಲು ಕಚ್ಚಿದೆ. ನಂಬು.

ಈಗ ಕೋಪ ಪಕ್ಕಕ್ಕಿಟ್ಟು ಓದು. ಎಷ್ಟು ಮಾತುಕತೆಗಳಲ್ಲಿ ನನ್ನ ಪಕ್ಕ ಕೂತಿದ್ದೀಯ. ನಾವು ಯಾವತ್ತಾದರೂ ನಮಗೆ ಬೇಕಾದಷ್ಟನ್ನೇ ಕೇಳಿದ್ದೇವಾ? ಕೂಲಿ ಸ್ವಲ್ಪ ಏರಬೇಕಾದರೆ ದುಪ್ಪಟ್ಟು ಕೇಳಿದೆವು. ಎರಡು ಶೌಚಾಲಯಕ್ಕೆ ಆರು ಕೇಳಿದೆವು, ಮ್ಯಾನೇಜರು "ಇಲ್ಲೇನು ಬಟ್ಟೆ ಹೊಲೀತೀರೋ, ಬರೀ ಅದೇನೋ" ಅಂತ ಗೇಲಿ ಮಾಡಿದ, ಕೊನೆಗೆ ಎರಡು ಕಟ್ಟಿಸಿದ. ಬೇಡಿಕೆ ಪಟ್ಟಿಯ ಮೊದಲ ಸಾಲು ಕೊನೆಯ ಸಾಲಲ್ಲ. ಇದನ್ನು ಹೊಸಬರಿಗೆಲ್ಲ ಪಾಠ ಹೇಳಿಕೊಟ್ಟವಳೇ ನೀನು. ವಕೀಲನೂ ಅದನ್ನೇ ಹೇಳಿದ: "ಪೂರ್ತಿ ಕೇಳಿ. ಅರ್ಧ ಕೇಳಿದ್ರೆ ಜಡ್ಜು ಪಾವು ಕೊಡ್ತಾರೆ."

ಹಾಗಾದರೆ ನಿನ್ನ ಕೊನೆಯ ಸಾಲು ಯಾವುದು ಅಂತ ಕೇಳುತ್ತೀಯ. ಅದನ್ನು ಮೇಜಿನಾಚೆ ಕೂತವರಿಗೆ ಮೊದಲೇ ಹೇಳಿದವನು ಮಾತುಕತೆಗೆ ಹೋಗಬಾರದು, ಮನೆಯಲ್ಲಿ ಮಲಗಬೇಕು ಅಂದವಳೂ ನೀನೇ. ನೀನೂ ನಿನ್ನ ಪಟ್ಟಿ ಹಾಕು. ಎಲ್ಲೋ ಒಂದು ಕಡೆ ಕೂಡಿಕೊಳ್ಳೋಣ.

ಇಲ್ಲಿ ನನಗೆ ಒಳ್ಳೆಯ ಮನೆ ಸಿಕ್ಕಿದೆ. ಕಿಟಕಿಯಿಂದ ಸಮುದ್ರ ಕಾಣುತ್ತದೆ. ಶಾಲೆ ಹತ್ತಿರ.

ಕಿಡಿಯ ಮುಂದಿನ ಹಲ್ಲು ಬಿತ್ತಾ?

ಕತ್ತರಿ


ಜುಲೈ 10

ಕಟಿಂಗ್ ಸೆಕ್ಷನ್ನಿನ ಮಾಜಿ ಕಾರ್ಯದರ್ಶಿಯವರಿಗೆ,

ತಾವು ಹೇಳಿದಂತೆ ನನ್ನ ಪಟ್ಟಿ ಹಾಕಿದ್ದೇನೆ. ತಮ್ಮ ವಕೀಲರಿಗೆ ಪ್ರತಿ ತಲುಪಿರಬೇಕು. ಮಗು ಪೂರ್ತಿ ನನ್ನದು. ಭೇಟಿ ಇಲ್ಲ, ರಜೆ ಇಲ್ಲ, ಫೋನಿಲ್ಲ. ತಾವು ಮುಷ್ಕರದ ದಿನದ ಗಲಭೆ ಕೇಸಿನಲ್ಲಿ ಮೊದಲ ಆರೋಪಿ, ಮೊದಲ ಕಲ್ಲು ಎಸೆದವರೂ ತಾವೇ. ತಮಗೆ ನೆಲೆಯಿಲ್ಲ. ತಮ್ಮ ಕೋಪಕ್ಕೆ ಕಡಿವಾಣವಿಲ್ಲ. ಎಲ್ಲವನ್ನೂ ಪ್ರಮಾಣ ಮಾಡಿ ಬರೆದಿದ್ದೇನೆ. ನನ್ನ ವಕೀಲಮ್ಮ ಕೇಳಿದರು, "ಇಷ್ಟು ಸಾಕಾ, ಇನ್ನೂ ಖಾರ ಹಾಕೋಣ್ವಾ?" ಇಷ್ಟು ಸಾಕು ಅಂದೆ.

ಈ "ತಾವು" ಎಂಬ ಮಾತು ನಾಲಿಗೆಗೆ ಹೊಂದುತ್ತಿಲ್ಲ. ಬಿಡು.

ಶೌಚಾಲಯದ ಲೆಕ್ಕ ಹೇಳಿದೆಯಲ್ಲ, ಓದಿ ಮೈ ಉರಿಯಿತು. ಮಗಳು ಆರು ಕೇಳಿ ಎರಡು ತಗೊಳ್ಳುವ ವಸ್ತುವಾ? ಆದರೆ ಆಟ ನಿನ್ನದಾದರೆ ನಿಯಮ ನನಗೂ ಗೊತ್ತು. ಮೊದಲು ಇಳಿಯುವವಳು ನಾನಲ್ಲ.

ಹೋದ ವಾರ ಮಕ್ಕಳ ಕಲ್ಯಾಣಾಧಿಕಾರಿ ಮನೆಗೆ ಬಂದಿದ್ದರು. ಕೊಡೆಯನ್ನು ಒಳಗೇ ತಂದು ಮೂಲೆಗಿಟ್ಟು, ಡಬ್ಬಿಗಳ ಮುಚ್ಚಳ ಎತ್ತಿ ನೋಡಿದರು. "ನೀವು ಸಭೆಗೆ ಹೋದಾಗ ಮಗು ಎಲ್ಲಿರುತ್ತೆ?" "ಸಭೇಲೇ ಇರುತ್ತೆ ಮೇಡಂ." "ಅಲ್ಲೇನು ಮಾಡುತ್ತೆ?" "ನಾವು ಮಾಡೋದನ್ನೇ. ಕೂಗುತ್ತೆ, ಚಹಾ ಕುಡಿಯುತ್ತೆ, ನಿದ್ದೆ ಮಾಡುತ್ತೆ." ಅವರು ನಗಲಿಲ್ಲ. ಬರೆದುಕೊಂಡರು. ಬಡವರ ಮನೆಗೆ ಬರುವ ಸರ್ಕಾರಕ್ಕೆ ಕಿವಿಗಿಂತ ಪೆನ್ನು ಚುರುಕು.

ಆಮೇಲೆ ಕಿಡಿಯನ್ನು ಮೆಟ್ಟಿಲ ಹತ್ತಿರ ಕೂರಿಸಿಕೊಂಡು ತುಂಬಾ ಹೊತ್ತು ಮಾತಾಡಿದರು. ನನ್ನನ್ನು ಒಳಗೇ ಇರಲು ಹೇಳಿದರು. ಅವರು ಹೋದ ಮೇಲೆ, "ಏನು ಕೇಳಿದ್ರೇ?" ಅಂದೆ. "ಸುಮ್ನೆ" ಅಂದಳು. ಕಣ್ಣಲ್ಲಿ ತುಂಟತನ ಇತ್ತು. ನನ್ನ ಹೆಸರೇ ಹೇಳಿರುತ್ತಾಳೆ. ನೀನು ತಯಾರಾಗಿರು.

ಅವಳು ಚೆನ್ನಾಗಿದ್ದಾಳೆ. ಹಲ್ಲು ಬಿದ್ದಿದೆ.

ಮೈಕು


ಜುಲೈ 29

ಮೈಕು,

ನಿನ್ನ ತಕರಾರು ಓದಿದೆ. ಕ್ರೇನಿನ ಮೇಲೆ ಕೂತು ಓದಿದೆ, ಕೆಳಗೆ ಓದುವ ಧೈರ್ಯ ಇರಲಿಲ್ಲ. ಕಂಟೇನರ್ ಗಾಳಿಯಲ್ಲಿ ತೂಗುತ್ತಾ ಇತ್ತು, ಕೆಳಗಿನಿಂದ ಫೋರ್‌ಮನ್ ಬೈಯುತ್ತಾ ಇದ್ದ.

"ಗಲಭೆಯ ಮೊದಲ ಆರೋಪಿ" ಅಂತ ಬರೆಸಿದ್ದೀಯ. ಆವತ್ತು ಕಲ್ಲು ಬಿದ್ದಾಗ ನಾನು ಎಲ್ಲಿದ್ದೆ? ಕಾಲು ಉಳುಕಿದ ನಿನ್ನನ್ನು ಬೆನ್ನ ಮೇಲೆ ಹೊತ್ತು ಗೋದಾಮಿನ ಸಂದಿಯಲ್ಲಿ ಓಡುತ್ತಿದ್ದೆ. ಪೊಲೀಸರಿಗೆ ಅದು ಗೊತ್ತಿಲ್ಲ, ಮ್ಯಾನೇಜರಿಗೆ ಗೊತ್ತಿಲ್ಲ. ಗೊತ್ತಿರುವವಳು ಈ ಭೂಮಿಯ ಮೇಲೆ ನೀನೊಬ್ಬಳೇ. ಆ ನೀನು ಪ್ರಮಾಣ ಮಾಡಿದ್ದೀಯ.

ಇರಲಿ. ಕೋರ್ಟಿನಲ್ಲಿ ನಿನ್ನ ಮೇಲೆ ನಾನೇನು ಹೂವು ಎಸೆದಿರಲಿಲ್ಲ.

ಅಧಿಕಾರಿ ಇಲ್ಲಿಗೂ ಬಂದಿದ್ದರು. ಮನೆ ಅಂತ ನಾನು ಬರೆದದ್ದು ಅಷ್ಟು ನಿಜವಲ್ಲ. ಇದು ಬಂದರಿನ ಕೆಲಸಗಾರರ ಕೋಣೆ, ಒಂದರ ಮೇಲೊಂದು ಮಂಚ, ನನ್ನದು ಮೇಲಿನದು. ಸಮುದ್ರ ಕಾಣುವುದು ಕ್ರೇನಿನ ಕಿಟಕಿಯಿಂದ. ನನ್ನ ಜೊತೆಯವರು ಸಹಾಯ ಮಾಡಲು ಹೋಗಿ ಕೋಣೆಯನ್ನು ತೊಳೆದು, ಎಲ್ಲಿಂದಲೋ ಒಂದು ಗೊಂಬೆ ತಂದು ನನ್ನ ಮಂಚದ ಮೇಲೆ ಕೂರಿಸಿದ್ದರು. ಅವರಲ್ಲಿ ಒಬ್ಬ ಮೀಸೆಯವನು, ಕಂಟೇನರಿಗೆ ಹಗ್ಗ ಕಟ್ಟುವವನು, ಅದನ್ನು ಕೆಳಗೆ ಬೀಳಿಸಿ ಗಡಿಬಿಡಿಯಲ್ಲಿ ತನ್ನ ದಿಂಬಿನ ಕೆಳಗೆ ಬಚ್ಚಿಟ್ಟ. ಅಧಿಕಾರಿ ಅದನ್ನೇ ಎಳೆದು ತೆಗೆದು, "ಇದು ಯಾರದು?" ಅಂದರು. "ನಂದೇ ಮೇಡಂ" ಅಂದ ಪುಣ್ಯಾತ್ಮ. "ದಿನಾ ಇದನ್ನ ಇಟ್ಕೊಂಡೇ ಮಲಗ್ತೀನಿ." ಎಲ್ಲರೂ ಗೋಡೆ ನೋಡುತ್ತಾ ನಿಂತೆವು. ಅದನ್ನೂ ಬರೆದುಕೊಂಡರು.

ಒಳ್ಳೆಯ ಪೆಟ್ಟೇ ಹೊಡೆದಿದ್ದೀಯ, ಒಪ್ಪಿದೆ. ಆಗಸ್ಟಿನಲ್ಲಿ ವಿಚಾರಣೆ. ಅದರೊಳಗೆ ಒಂದು ಹೆಜ್ಜೆ ನೀನು ಇಳಿ, ಒಂದು ನಾನು ಇಳಿಯುತ್ತೇನೆ. ನಾನೇ ಮೊದಲು ಇಳಿದರೆ ನಿನ್ನ ವಕೀಲಮ್ಮ ನನ್ನನ್ನು ನೆಲಕ್ಕೇ ಒತ್ತುತ್ತಾಳೆ. ನಿನಗೆ ಗೊತ್ತಲ್ಲ.

ಕತ್ತರಿ


ಆಗಸ್ಟ್ 21

ವಿಚಾರಣೆ ಮುಗಿದ ಕೂಡಲೇ ಪಾಳಿ ಇದೆ ಅಂತ ನೀನು ರೈಲು ಹತ್ತಿದೆ. ಆದೇಶ ಕೇಳಿಸಿಕೊಂಡವಳು ನಾನೊಬ್ಬಳು. ನಿನ್ನ ವಕೀಲ ಫೋನಿನಲ್ಲಿ ಹೇಳಿರುತ್ತಾನೆ, ಆದರೆ ಅವನು ಹೇಳುವ ಹಾಗಲ್ಲ ಅದು. ನಾನು ಹೇಳುತ್ತೇನೆ, ಕೇಳಿಸಿಕೋ.

ನ್ಯಾಯಾಧೀಶೆಗೆ ನೆಗಡಿ. ಕರವಸ್ತ್ರ ಮಡಚಿಟ್ಟು ನನ್ನನ್ನು ನೋಡಿದರು. "ಅಪ್ಪ ಹೇಳ್ತಾರೆ ಅಮ್ಮ ಸರಿಯಿಲ್ಲ ಅಂತ. ಅಮ್ಮ ಹೇಳ್ತಾರೆ ಅಪ್ಪ ಸರಿಯಿಲ್ಲ ಅಂತ. ಇಬ್ಬರೂ ಪ್ರಮಾಣ ಮಾಡಿದ್ದೀರಿ. ನಾನು ಇಬ್ಬರನ್ನೂ ನಂಬ್ತೀನಿ." ಅಷ್ಟು ಹೇಳಿ ಅಧಿಕಾರಿಯ ವರದಿ ತೆಗೆದು ಓದಿದರು. ಅದರಲ್ಲಿ ಕಿಡಿಯ ಮಾತು ಇತ್ತು. ಮೆಟ್ಟಿಲ ಮೇಲೆ ಕೂರಿಸಿಕೊಂಡು ಅಧಿಕಾರಿ ಕೇಳಿದರಂತೆ, ನಿನಗೆ ಯಾರ ಜೊತೆ ಇರಬೇಕು ಅಂತ ಇದೆ ಪುಟ್ಟಾ? ನಮ್ಮ ಮಗಳು ಏನು ಹೇಳಿದಳು ಗೊತ್ತಾ? "ಅವರಿಬ್ಬರೂ ಎಷ್ಟು ಕೇಳಿದ್ದಾರೆ? ಅದು ಮೊದಲು ಹೇಳಿ. ಆಮೇಲೆ ನಾನು ಹೇಳ್ತೀನಿ."

ಕೋರ್ಟಿನಲ್ಲಿ ಯಾರೋ ಕಿಸಕ್ಕನೆ ನಕ್ಕರು. ನಮ್ಮ ಸಭೆಗಳಲ್ಲಿ ಚಾಪೆಯ ಮೇಲೆ ಮಲಗಿ ಅವಳು ನಿದ್ದೆ ಮಾಡುತ್ತಿದ್ದಾಳೆ ಅಂದುಕೊಂಡಿದ್ದೆವಲ್ಲ.

"ಮಗು ಯಾರ ಕಡೆಗೂ ಒಲವು ತೋರಿಸಿಲ್ಲ" ಅಂತ ಬರೆದಿದ್ದಾರೆ. ಆದೇಶ ಇದು: ಕೊನೆಯ ತೀರ್ಪಿನವರೆಗೆ ಕಿಡಿ ಸರ್ಕಾರದ ಬಾಲಕಿಯರ ನಿಲಯದಲ್ಲಿ ಇರಬೇಕು. ಭಾನುವಾರ ಒಂದು ಗಂಟೆ ನಾನು, ಒಂದು ಗಂಟೆ ನೀನು, ಬೇರೆ ಬೇರೆಯಾಗಿ. ಪೂರ್ತಿ ಬೇಕು, ಪೂರ್ತಿ ಬೇಕು ಅಂತ ಹೋದ ಇಬ್ಬರಿಗೂ ಒಂದೊಂದು ಗಂಟೆ.

ನಿನ್ನೆ ನಾನೇ ಬಿಟ್ಟು ಬಂದೆ. ಉದ್ದನೆ ಕೋಣೆ, ಕಬ್ಬಿಣದ ಮಂಚಗಳು, ಎಲ್ಲ ಮಂಚಕ್ಕೂ ಒಂದೇ ಬಣ್ಣದ ಹೊದಿಕೆ. ಮೇಲ್ವಿಚಾರಕಿ ಕೆಟ್ಟವಳಲ್ಲ, ದಣಿದವಳು. ಕಿಡಿ ಅಳಲಿಲ್ಲ. "ಎಷ್ಟು ದಿನ?" ಅಂದಳು. "ಸ್ವಲ್ಪ ದಿನ ಕಣೇ." "ನೀನು ಸ್ವಲ್ಪ ಅಂದ್ರೆ ಜಾಸ್ತಿ" ಅಂದಳು. ತಿರುಗಿ ನೋಡದೆ ಒಳಗೆ ಹೋದಳು.

ರಾತ್ರಿಯಿಂದ ಕೂತಲ್ಲಿ ಕೂರಲಾರೆ, ನಿಂತಲ್ಲಿ ನಿಲ್ಲಲಾರೆ. ಮೂರು ಅಂಗಿಗೆ ಕಾಲರ್ ತಿರುಗುಮುರುಗು ಹೊಲಿದೆ. ನಿನಗೆ ಬೈಯಲು ಕೂತರೆ ಬೈಗುಳ ಅರ್ಧದಲ್ಲಿ ತಿರುಗಿ ನನ್ನ ಕಡೆಗೇ ಬರುತ್ತದೆ. ಆದರೂ ಬೈಯುತ್ತೇನೆ. ಶುರು ಮಾಡಿದವನು ನೀನು.


ಸೆಪ್ಟೆಂಬರ್ 4

ಮೈಕು,

ಭಾನುವಾರ ಅವಳನ್ನು ನೋಡಿ ಬಂದೆ. ಭೇಟಿಯ ಕೋಣೆಯಲ್ಲಿ ಎದುರುಬದುರು ಎರಡು ಬೆಂಚು, ಬಾಗಿಲಲ್ಲಿ ಮೇಲ್ವಿಚಾರಕಿ. ಕಿಡಿ ನನ್ನ ಪಕ್ಕ ಕೂರಲಿಲ್ಲ, ಎದುರಿಗೆ ಕೂತಳು, ಮಾತುಕತೆಗೆ ಕೂರುವ ಹಾಗೆ.

"ಅಮ್ಮ ನನ್ನ ಬಿಟ್ಟು ಬಿಟ್ಟು ಹೋಗ್ತಿದ್ಲು ಅಂತ ನೀನು ಹೇಳಿದ್ಯಂತೆ."

"ಯಾರು ಹೇಳಿದ್ರು ನಿಂಗೆ?"

"ದೊಡ್ಡ ಹುಡುಗೀರು. ಇಲ್ಲಿ ಎಲ್ಲರ ಅಪ್ಪ ಅಮ್ಮನ ವಿಷಯ ಎಲ್ಲರಿಗೂ ಗೊತ್ತು. ಅಪ್ಪನಿಗೆ ಪೊಲೀಸ್ ಕೇಸಿದೆ ಅಂತ ಅಮ್ಮ ಹೇಳಿದ್ಲಂತೆ."

"ಅದೆಲ್ಲಾ ಸುಮ್ನೆ ಕೋರ್ಟಿಗೆ ಹೇಳೋದು ಕಣೋ ಚಿನ್ನ."

ಉಳಿದ ಸಮಯ ಬೆಂಚಿನ ಬಣ್ಣ ಕೆರೆಯುತ್ತಾ ಕೂತಿದ್ದಳು. ನಾನು ಸಮುದ್ರದ ಬಗ್ಗೆ ಹೇಳಿದೆ, ಮೀಸೆಯವನ ಗೊಂಬೆಯ ಬಗ್ಗೆ ಹೇಳಿದೆ. ನಗಲಿಲ್ಲ.

ಬರುವಾಗ ರೈಲಿನಲ್ಲಿ ಒಂದು ಮಾತು ಹೊಳೆಯಿತು. ಮ್ಯಾನೇಜ್‌ಮೆಂಟಿನ ಜೊತೆ ನಾವು ಜಾಸ್ತಿ ಕೇಳಿದ್ದು ಯಾಕೆ? ಅವರು ನಮ್ಮ ಒಂದು ಮಾತನ್ನೂ ನಂಬುವುದಿಲ್ಲ ಅಂತ ನಮಗೆ ಗೊತ್ತಿತ್ತು, ಅದಕ್ಕೆ. ಈ ಜಡ್ಜು ನಂಬಿಬಿಟ್ಟರು. ಒಬ್ಬರು ದೊಡ್ಡ ಮನುಷ್ಯರು ನಮ್ಮ ಬಾಯಿಂದ ಬಂದದ್ದನ್ನು ಅಕ್ಷರ ಬಿಡದೆ ನಂಬಿದ್ದು ಜೀವನದಲ್ಲೇ ಮೊದಲ ಸಲ. ಅದು ಈ ಮಾತುಗಳಿಗೇ ಆಗಬೇಕಿತ್ತೇ?

ನಾನು ಮೊದಲು ಇಳಿಯುತ್ತಿದ್ದೇನೆ. ನನ್ನ ಕೊನೆಯ ಸಾಲು ಇದು. ಕಿಡಿ ನಿನ್ನ ಜೊತೆ ಇರಲಿ. ಬೇಸಿಗೆ ರಜೆಯಲ್ಲಿ ನನ್ನ ಹತ್ತಿರ ಬರಲಿ, ಅಷ್ಟರಲ್ಲಿ ಬೇರೆ ಕೋಣೆ ಹಿಡಿಯುತ್ತೇನೆ. ವಾರಕ್ಕೊಮ್ಮೆ ಅವಳ ದನಿ ಕೇಳಿಸಲಿ. ಶಾಲೆಯವರು ಕೂಡಿಸುವ ಸಭೆಗೆ ನನ್ನನ್ನೂ ಕರೆಯಲಿ. ಜೂನಿನಲ್ಲೂ ನನಗೆ ಬೇಕಾಗಿದ್ದದ್ದು ಇಷ್ಟೇ. ಎಂಟು ವರ್ಷದ ಹುಡುಗಿಯನ್ನು ಮೇಲಿನ ಮಂಚದಲ್ಲಿ ಹೇಗೆ ಸಾಕುತ್ತಿದ್ದೆ?

ನಿನ್ನ ಮೇಲೆ ಹೇಳಿದ್ದನ್ನು ವಾಪಸು ತಗೊಳ್ಳುತ್ತೇನೆ ಅಂದರೆ ವಕೀಲ ತಲೆ ಚಚ್ಚಿಕೊಳ್ಳುತ್ತಾನೆ. ಚಚ್ಚಿಕೊಳ್ಳಲಿ, ಅವನ ತಲೆ. ಈ ಕಾಗದವನ್ನು ನಿನ್ನ ವಕೀಲಮ್ಮನಿಗೆ ಕೊಡಬೇಕು ಅನ್ನಿಸಿದರೆ ಕೊಡು. ನನ್ನ ಕೈಯಲ್ಲಿ ಇನ್ನೇನೂ ಇಲ್ಲ.

ಕತ್ತರಿ


ಸೆಪ್ಟೆಂಬರ್ 22

ಮೈಕು,

ಉತ್ತರ ಇಲ್ಲ. ಕಾಗದ ಸಿಕ್ಕಿದೆ ಅಂತ ಗೊತ್ತು. ಈ ಭಾನುವಾರ ಪಾಳಿ ಬದಲಾಯಿಸಿಕೊಳ್ಳಲು ಆಗಲಿಲ್ಲ, ಅವಳು ಬಾಗಿಲು ನೋಡುತ್ತಾ ಕೂತಿರುತ್ತಾಳೆ. ಅಥವಾ ಕೂತಿರುವುದಿಲ್ಲ. ಯಾವುದು ಹೆಚ್ಚು ಕೆಟ್ಟದ್ದು ಅಂತ ತಿಳಿಯದೆ ಇಡೀ ದಿನ ಕಂಟೇನರ್ ಎತ್ತಿದೆ.

ಬೈಯುವುದಾದರೂ ಬೈ.

ಕತ್ತರಿ


ಅಕ್ಟೋಬರ್ 1

ಕತ್ತರಿ,

ಸುಮ್ಮನಿದ್ದದ್ದು ಯಾಕೆ ಅಂತ ಹೇಳುತ್ತೇನೆ. ಕೇಳಿ ನಿನಗೆ ಸಿಟ್ಟು ಬರಲಿ.

ನಿನ್ನ ಕಾಗದ ಓದಿದಾಗ ನಾನು ನಂಬಲಿಲ್ಲ. ಇದೂ ಒಂದು ಪಟ್ಟು ಅಂದುಕೊಂಡೆ. ಕೊನೆಯ ಸಾಲು ಅಂತ ಹೇಳಿ ಅದರ ಕೆಳಗೆ ಇನ್ನೊಂದು ಇಟ್ಟುಕೊಳ್ಳುವುದು ನಿನ್ನ ಹಳೆಯ ಜಾಣತನ. ಆಮೇಲೆ ನಂಬಿದೆ. ನಂಬಿದ ಮೇಲೆ ಇನ್ನೂ ಕೆಟ್ಟದ್ದು ಅನ್ನಿಸಿತು: ಹಾಗಾದರೆ ಪೂರ್ತಿ ಗೆಲ್ಲಬಹುದು. ವಕೀಲಮ್ಮನಿಗೆ ಬರೀ ಬಾಯಿಮಾತಲ್ಲಿ ಹೇಳಿದೆ. ಆಕೆಯ ಮುಖ ಬೆಳಗಿತು. "ಅವನು ಮಂಡಿ ಊರಿದಾನೆ ಕಣಮ್ಮ. ಈಗ ಬಿಡಬಾರದು. ರಜೆ ಯಾಕೆ ಕೊಡ್ಬೇಕು? ಗೆಲ್ಲೋ ಕೇಸು ಇದು." ಮನೆಗೆ ಬರುವಾಗ ಬಸ್ಸಿನಲ್ಲಿ ನಾನು ಆ ಗೆಲುವನ್ನು ಚಪ್ಪರಿಸಿದೆ. ಸುಳ್ಳು ಯಾಕೆ ಹೇಳಲಿ, ರುಚಿಯಾಗಿತ್ತು.

ಎರಡು ಸಂಗತಿ ನಡೆದವು.

ಒಂದು ಕಾರ್ಖಾನೆಯಲ್ಲಿ. ಕಂಪನಿಯ ವಕೀಲ ಗಲಭೆ ಕೇಸಿನಲ್ಲಿ ಹೊಸ ಕಾಗದ ಹಾಕಿದ್ದಾನೆ. ನನ್ನದೇ ಪ್ರಮಾಣಪತ್ರ. "ಆರೋಪಿಯ ಹೆಂಡತಿಯೇ ಒಪ್ಪಿದ್ದಾಳೆ." ಆ ಕೇಸಿನಲ್ಲಿ ನೀನೊಬ್ಬನೇ ಅಲ್ಲವಲ್ಲ, ನಮ್ಮ ಲೈನಿನ ಹೆಂಗಸರೂ ಇದ್ದಾರೆ. ಊಟದ ಬಿಡುವಿನಲ್ಲಿ ಯಾರೂ ನನ್ನ ಪಕ್ಕ ಕೂರಲಿಲ್ಲ. ಗುಂಡಿ ಹಚ್ಚುವ ಅಜ್ಜಿ ಡಬ್ಬಿ ಹಿಡಿದುಕೊಂಡು ಬಂದು ನಿಂತಳು. "ಮನೆ ಜಗಳದಲ್ಲಿ ಗಂಡನಿಗೆ ಕಲ್ಲು ಹೊಡಿ, ನಾನೂ ಹೊಡ್ದಿದೀನಿ. ಆದರೆ ಮಾಲೀಕನ ಗಾಡಿಯಿಂದ ಕಲ್ಲು ತಗೋಬಾರದಿತ್ತು ಕಣೇ" ಅಂದಳು.

ಇನ್ನೊಂದು ನಿಲಯದಲ್ಲಿ. ಭಾನುವಾರ ಕಿಡಿಗೆ ನಾನೇ ಹೇಳಿದೆ, ನೀನು ನನ್ನ ಜೊತೆ ಇರ್ತೀಯ, ಬೇಸಿಗೆ ರಜೆಗೆ ಅಪ್ಪನ ಹತ್ತಿರ ಹೋಗ್ತೀಯ, ಸರೀನಾ? ಅವಳು ನನ್ನ ಮುಖವನ್ನು ಪರೀಕ್ಷೆ ಮಾಡುವ ಹಾಗೆ ನೋಡಿದಳು. "ಇದು ಮೊದಲ ಮಾತಾ, ಕೊನೆ ಮಾತಾ?" ಅಂದಳು.

ಆಗ ಅದು ಕೊನೆ ಮಾತಾಗಿರಲಿಲ್ಲ. ಬಸ್ಸಿನಲ್ಲಿ ಚಪ್ಪರಿಸಿದ್ದು ಇನ್ನೂ ಬಾಯಲ್ಲಿತ್ತು. ಮಗಳಿಗೆ ಅದರ ವಾಸನೆ ಹೊಡೆಯಿತು.

ಈಗ ಕೊನೆ ಮಾತು. ನೀನು ಕೇಳಿದ್ದಷ್ಟಕ್ಕೂ ನಾನು ಒಪ್ಪಿದೆ. ಗಲಭೆಯ ದಿನ ನೀನು ಎಲ್ಲಿದ್ದೆ ಅಂತ ಎರಡು ಕೋರ್ಟಿನಲ್ಲೂ ಹೇಳುತ್ತೇನೆ. ಪ್ರಮಾಣ ಮಾಡಿ ಸುಳ್ಳು ಹೇಳಿದ್ದಕ್ಕೆ ಕೇಸು ಹಾಕಬಹುದು, ಮಗುವನ್ನೇ ಕೊಡದಿರಬಹುದು ಅಂತ ವಕೀಲಮ್ಮ ಹೆದರಿಸಿದರು. ಹೆದರಿಕೆ ಇದೆ. ಇಪ್ಪತ್ತನಾಲ್ಕಕ್ಕೆ ತಾರೀಖು. ಪಾಳಿ ಗೀಳಿ ಅನ್ನಬೇಡ. ನನ್ನ ಪಕ್ಕ ಬಂದು ನಿಲ್ಲು.

ಮೈಕು


ಅಕ್ಟೋಬರ್ 26

ಮೈಕು,

ರೈಲಿನಿಂದ ಇಳಿದು ನೇರ ಕ್ರೇನು ಹತ್ತಿದೆ. ಇನ್ನೂ ಕಿವಿಯಲ್ಲಿ ನಿನ್ನ ದನಿಯೇ.

ವಕೀಲರಿಬ್ಬರೂ ಎದ್ದು ನಿಲ್ಲುವ ಮೊದಲೇ ನೀನು ಎದ್ದೆ. "ಮೇಡಂ, ಇವರ ಬಗ್ಗೆ ನಾನು ಬರೆಸಿದ್ದು ಸುಳ್ಳು, ನನ್ನ ಬಗ್ಗೆ ಇವರು ಬರೆಸಿದ್ದೂ ಸುಳ್ಳು. ಹಾಗೆ ಬರೆದ್ರೇನೇ ಮಗು ಸಿಗುತ್ತೆ ಅಂದರು, ಬರೆದ್ವಿ. ಸಹಿ ನಮ್ಮದು, ತಪ್ಪೂ ನಮ್ಮದು. ಆದರೆ ಒಂದು ಮಾತು ಹೇಳ್ತೀನಿ. ಜೂನಿಂದ ಇಲ್ಲಿ ಎಲ್ಲರೂ ಕೇಳಿದ್ದು ಯಾರು ಕೆಟ್ಟವರು ಅಂತ. ಯಾರಿಗೆ ಏನು ಬೇಕು ಅಂತ ಒಬ್ಬರೂ ಕೇಳಲಿಲ್ಲ." ನಿನ್ನ ವಕೀಲಮ್ಮ ಸೆರಗು ಹಿಡಿದು ಎಳೆಯುತ್ತಾ ಇದ್ದರು. ನೀನೆಲ್ಲಿ ಕೂರುತ್ತೀಯ.

ಜಡ್ಜು ಕನ್ನಡಕ ತೆಗೆದರು. "ಈಗ ಕೇಳ್ತಿದೀನಿ. ಹೇಳಿ."

ನಾನು ಹೇಳಿದೆ, ನೀನು ಹೇಳಿದೆ. ಎರಡೂ ಒಂದೇ ಆಗಿತ್ತು. ಅಷ್ಟು ಚಿಕ್ಕ ಮಾತು ಹೇಳಲು ನಮಗೆ ಅಷ್ಟು ದೊಡ್ಡ ಕಟ್ಟಡ ಬೇಕಾಯಿತು. ಆಮೇಲೆ ಅವರು ಬೈದರಲ್ಲ! ಕಂಪನಿಯ ಎಂ.ಡಿ. ಕೂಡ ನಮಗೆ ಹಾಗೆ ಬೈದಿರಲಿಲ್ಲ. "ಮಗು ಅಂದ್ರೆ ಸಂತೆ ಅಂದ್ಕೊಂಡ್ರಾ? ಇನ್ನೊಂದು ಸಲ ನನ್ನ ಮುಂದೆ ಸುಳ್ಳು ಪ್ರಮಾಣ ಬಂದ್ರೆ ಇಬ್ಬರನ್ನೂ ಒಳಗೆ ಹಾಕಿಸ್ತೀನಿ." ತಲೆ ತಗ್ಗಿಸಿ ನಿಂತಿದ್ದೆವು. ಪಕ್ಕದಲ್ಲಿ ನೀನು ನಗು ತಡೆಯುತ್ತಿದ್ದೆಯೋ ಅಳು ತಡೆಯುತ್ತಿದ್ದೆಯೋ ತಿಳಿಯಲಿಲ್ಲ.

ಬೈದು ಮುಗಿಸಿ ನಾವು ಕೇಳಿದ್ದನ್ನೇ ಆದೇಶ ಮಾಡಿದರು. ಸಂಜೆ ನಿಲಯದ ಬಾಗಿಲಲ್ಲಿ ಕಿಡಿ ನಿನ್ನ ಕೈ ಹಿಡಿದು ಹೊರಟಳು. ನನಗೆ ಟಾಟಾ ಮಾಡಿದಳು. ಸಾಕು ಅನ್ನಿಸಿತು. ಗೆದ್ದೆವು ಅಂತ ಹೇಳಬಹುದಲ್ಲವೇ? ಮೇ ತಿಂಗಳಿಗೆ ಎರಡು ಕೋಣೆಯ ಮನೆ ನೋಡುತ್ತಿದ್ದೇನೆ. ಈ ಸಲ ನಿಜವಾಗಿಯೂ.

ಕತ್ತರಿ


ನವೆಂಬರ್ 17

ಕತ್ತರಿ,

ಗೆದ್ದೆವು ಅಂತ ಬರೆದೆ. ಆ ಸಾಲನ್ನು ಹೊಡೆದುಹಾಕು.

ಕಿಡಿ ಮನೆಗೆ ಬಂದಾಗಿನಿಂದ ಏನನ್ನೂ ಕೇಳುತ್ತಿರಲಿಲ್ಲ. ಊಟಕ್ಕೆ ಏನು ಬೇಕೇ ಅಂದರೆ, "ನೀನು ಏನು ಮಾಡ್ಬೇಕು ಅಂತಿದೀಯ?" ಹೊರಗೆ ಹೋಗೋಣ್ವಾ ಅಂದರೆ, "ನಿಂಗೆ ಎಷ್ಟು ಹೊತ್ತು ಬಿಡುವಿದೆ?" ನೀರು ಬೇಕಾದರೂ ನನ್ನ ಮುಖ ನೋಡಿ, ನಾನು ಎಷ್ಟು ಕೊಡಬಲ್ಲೆ ಅಂತ ಅಳೆದು, ಅದಕ್ಕಿಂತ ಸ್ವಲ್ಪ ಕಡಿಮೆ ಕೇಳುತ್ತಿದ್ದಳು. ಒಳ್ಳೆಯ ಮಗು ಅಂತ ಪಕ್ಕದ ಮನೆಯವರು ಹೊಗಳಿದರು. ನನಗೆ ಎದೆ ಒಡೆಯುತ್ತಿತ್ತು. ಬೇಕು ಅಂತ ಕೂಗುವುದೇ ನಮ್ಮ ಕುಲಕಸುಬು, ನಮ್ಮ ಹೊಟ್ಟೆಯಲ್ಲಿ ಹುಟ್ಟಿದವಳು ಬೇಕು ಅನ್ನುವುದನ್ನೇ ನುಂಗಿಕೊಂಡು ಓಡಾಡುತ್ತಿದ್ದಳು.

ಇವತ್ತು ಬೆಳಿಗ್ಗೆ ಜಡೆ ಹಾಕುತ್ತಿದ್ದೆ. ಕೂದಲು ಎಳೆಯಿತು ಅಂತ ಕಾಣುತ್ತದೆ. ಇದ್ದಕ್ಕಿದ್ದಂತೆ ಬಾಚಣಿಗೆ ಕಿತ್ತು ಬಾಗಿಲಿಗೆ ಎಸೆದಳು. ತಿರುಗಿ ನಿಂತು ಕೂಗಿದಳು. ನನ್ನ ಗಂಟಲು ಅವಳಿಗೆ ಬಂದಿದೆ, ಎರಡು ಮನೆಯಾಚೆಗೂ ಕೇಳಿಸಿರಬೇಕು.

"ಈ ಭಾನುವಾರ ಅಪ್ಪ ಬರ್ಬೇಕು. ರಜೇಲಿ ಅಲ್ಲ, ಈ ಭಾನುವಾರ! ಇಬ್ಬರೂ ಇಲ್ಲಿ ಕೂತ್ಕೋಬೇಕು. ನೀನು ನನ್ನ ಬಿಟ್ಟು ಹೋಗ್ತಿದ್ಯಾ ಇಲ್ವಾ? ಅಪ್ಪ ಕಲ್ಲು ಹೊಡೆದ್ರಾ ಇಲ್ವಾ? ಜಡ್ಜಿಗೆ ಹೇಳಿದ್ರಿ, ವಕೀಲರಿಗೆ ಹೇಳಿದ್ರಿ. ನಂಗೆ ಯಾರೂ ಹೇಳಿಲ್ಲ. ನಂಗೆ ಹೇಳ್ಬೇಕು!"

ನಾನು ಹಳೆಯ ಚಾಳಿಯಲ್ಲಿ, "ಅಪ್ಪನಿಗೆ ಪಾಳಿ ಇರುತ್ತೆ ಕಣೇ, ಮುಂದಿನ ತಿಂಗಳು..." ಅಂತ ಶುರು ಮಾಡಿದೆ. "ಇಲ್ಲ" ಅಂದಳು. "ಫೋನಲ್ಲಿ..." "ಇಲ್ಲ." "ನಾನೇ ಹೇಳಿದ್ರೆ..." "ಇಲ್ಲ ಅಂದ್ನಲ್ಲ!" ನೆಲಕ್ಕೆ ಕಾಲು ಅಪ್ಪಳಿಸಿದಳು. ಕಣ್ಣೀರು ಮೂಗು ಎಲ್ಲ ಒಂದಾಗಿ ಸುರಿಯುತ್ತಿತ್ತು. ಒಂದು ಕೂದಲೆಳೆಯಷ್ಟೂ ಇಳಿಯಲಿಲ್ಲ.

ಅವಳು ಶಾಲೆಗೆ ಹೋದ ಮೇಲೆ ಬರೆಯುತ್ತಿದ್ದೇನೆ, ಕೆಲಸಕ್ಕೆ ತಡವಾಗಿದೆ, ಸೂಪರ್‌ವೈಸರ್ ಬಾಯಿಗೆ ಬಂದದ್ದು ಅನ್ನಲಿ. ಫೋನ್ ಮಾಡಬಹುದಿತ್ತು. ಮಾಡಿದರೆ ನೀನು "ನೋಡೋಣ" ಅಂದುಬಿಡುತ್ತೀಯ. "ನೋಡೋಣ" ಅನ್ನುವುದು ಮ್ಯಾನೇಜ್‌ಮೆಂಟಿನ ಮಾತು. ಕಾಗದವನ್ನು ಬಂದರಿನ ಬಸ್ಸಿನ ಕಂಡಕ್ಟರ ಕೈಯಲ್ಲಿ ಕೊಡುತ್ತಿದ್ದೇನೆ, ಸಂಜೆಯೊಳಗೆ ನಿನಗೆ ಸಿಗುತ್ತದೆ.

ಆದೇಶದಲ್ಲಿ ಈ ಭಾನುವಾರ ಇಲ್ಲ. ಇರಬೇಕಾಗಿಲ್ಲ. ಅವಳ ಮುಂದೆ ಏನು ಹೇಳಬೇಕು ಅಂತ ನಾವಿಬ್ಬರೂ ಮೊದಲೇ ಮಾತಾಡಿಕೊಳ್ಳುವುದು ಬೇಡ. ನೀನು ಬಂದು ಕೂರು, ನಾನೂ ಕೂರುತ್ತೇನೆ. ನನಗೆ ಭಯವಾಗುತ್ತಿದೆ, ನಿನಗೂ ಆಗಲಿ.

ಅವಳು ಹೇಳಿದ್ದರಲ್ಲಿ ನಾನು ಏನನ್ನೂ ಕಡಿಮೆ ಮಾಡಿಲ್ಲ. ಹೊರಡು.

ಮೈಕು